ಚಿಕ್ಕ ಲೇತ್‌ಗೆ ಕಾರ್ಬೈಡ್ ಬಂದ ಮೇಲೆ: ಒಂದು ಸಿಂಹಾವಲೋಕನ

ಟಂಗ್‌ಸ್ಟನ್ ಕಾರ್ಬೈಡಿನ ನುಣುಪಾದ ಪುಡಿಗೆ ಕೋಬಾಲ್ಟ್ ಬೆರೆಸಿ, ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಬೇಯಿಸಿ ಗಟ್ಟಿ ಮಾಡುವ ವಿಧಾನಕ್ಕೆ ಜರ್ಮನಿಯ ಕಾರ್ಲ್ ಶ್ರೋಟರ್ ಪೇಟೆಂಟ್ ಕೋರಿದ್ದು 1923ರಲ್ಲಿ. ಅದಕ್ಕೆ ನೂರು ವರ್ಷ ತುಂಬಿ, ಎರಡನೆಯ ಶತಮಾನಕ್ಕೆ ಕಾಲಿಟ್ಟಿದ್ದೇವೆ. ಈ ನೂರರಲ್ಲಿ ಬಹುಪಾಲು ವರ್ಷ ಕಾರ್ಬೈಡ್ ದೊಡ್ಡ ಕಾರ್ಖಾನೆಯ ಸ್ವತ್ತಾಗಿಯೇ ಇತ್ತು. ಮನೆಯ ಹಿತ್ತಿಲ ಶೆಡ್ಡಿನಲ್ಲಿ, ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ ಒಂದು ಪುಟ್ಟ ಲೇತ್ ಇಟ್ಟುಕೊಂಡವರಿಗೆ, ತಿರುಪಿನಿಂದ ಬಿಗಿದು ತುದಿ ಸವೆದಾಗ ತಿರುಗಿಸಿ ಕೂರಿಸುವ ಇನ್ಸರ್ಟ್ ಕೈಗೆಟುಕುವ ಬೆಲೆಯಲ್ಲಿ ಸಲೀಸಾಗಿ ಸಿಗತೊಡಗಿದ್ದು ಈಚಿನ ವರ್ಷಗಳಲ್ಲಿ.

ಇದರಿಂದ ಮನೆಯ ಟರ್ನರ್‌ಗೆ ಏನು ಲಾಭವಾಯಿತು, ಯಾವ ನಿರೀಕ್ಷೆ ಹುಸಿಯಾಯಿತು, ಯಾವ ಹಳೆಯ ಕಸುಬನ್ನು ಅವಸರದಲ್ಲಿ ಬಿಟ್ಟುಕೊಟ್ಟೆವು ಎಂದು ನಿಂತು ಲೆಕ್ಕ ಹಾಕುವ ಹೊತ್ತು ಇದು. ಲೆಕ್ಕದ ಸಾರವನ್ನು ಮೊದಲೇ ಹೇಳಿಬಿಡುತ್ತೇವೆ: ಟೂಲಿನ ಆಯ್ಕೆ ಲೇತ್‌ನ ಶಕ್ತಿಯಿಂದ ಶುರುವಾಗಬೇಕು, ಲೋಹ, ಗ್ರೇಡ್, ಲೇಪನ ಎಲ್ಲ ಆಮೇಲೆ. ಈ ಕ್ರಮ ಹಿಡಿದವರಿಗೆ ಕಾರ್ಬೈಡ್ ನಿಜವಾದ ಅನುಕೂಲ ತಂದಿದೆ. ಕ್ರಮ ತಪ್ಪಿದವರ ಡ್ರಾಯರಿನಲ್ಲಿ ತುದಿ ಮುಕ್ಕಾದ ಇನ್ಸರ್ಟ್‌ಗಳು ಸೇರಿಕೊಂಡಿವೆ.

ಬೆತ್ಲೆಹೆಮ್‌ನಿಂದ ತುಮಕೂರು ರಸ್ತೆಯವರೆಗೆ

ಹತ್ತೊಂಬತ್ತನೆಯ ಶತಮಾನದ ಲೇತ್ ಟೂಲ್ ಹೆಚ್ಚಾಗಿ ಕಾರ್ಬನ್ ಸ್ಟೀಲಿನದು. ವೇಗ ತುಸು ಏರಿದರೂ ತುದಿ ಕಾದು ಮೆತ್ತಗಾಗುತ್ತಿತ್ತು. ಅಮೆರಿಕದ ಬೆತ್ಲೆಹೆಮ್ ಸ್ಟೀಲ್ ಕಾರ್ಖಾನೆಯಲ್ಲಿ ಫ್ರೆಡರಿಕ್ ಟೇಲರ್ ಮತ್ತು ಮಾನ್ಸೆಲ್ ವೈಟ್ ರೂಪಿಸಿದ ಹೊಸ ಉಕ್ಕು, 1900ರ ಪ್ಯಾರಿಸ್ ಪ್ರದರ್ಶನದಲ್ಲಿ ತುದಿ ಕೆಂಪಗೆ ಕಾದಿದ್ದಾಗಲೂ ಲೋಹ ಕತ್ತರಿಸಿ ತೋರಿಸಿತು. ನಮ್ಮ ವರ್ಕ್‌ಶಾಪುಗಳಲ್ಲಿ ಇಂದಿಗೂ ಎಚ್‌ಎಸ್‌ಎಸ್ ಎನ್ನುವುದು ಆ ವಂಶದ ಉಕ್ಕಿಗೇ. ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೆ ಅದರ ಗಡಸುತನ ನಿಲ್ಲುತ್ತದೆ.

ಶ್ರೋಟರ್ ದುಡಿಯುತ್ತಿದ್ದದ್ದು ಬಲ್ಬ್ ತಯಾರಿಸುವ ಓಸ್ರಾಮ್ ಸಂಸ್ಥೆಯಲ್ಲಿ. ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿ ಎಳೆಯಲು ವಜ್ರದ ಅಚ್ಚು ಬೇಕಿತ್ತು, ಅದು ದುಬಾರಿ. ಬದಲಿ ವಸ್ತು ಹುಡುಕುವ ಕೆಲಸದಲ್ಲಿ ಕಾರ್ಬೈಡ್ ರೂಪುಗೊಂಡಿತು. ಕ್ರುಪ್ ಕಂಪನಿ ಅದನ್ನು ವಿಡಿಯಾ ಎಂಬ ಹೆಸರಿನಲ್ಲಿ 1927ರ ಲೈಪ್‌ಜಿಗ್ ಮೇಳದಲ್ಲಿ ಜನರ ಮುಂದಿಟ್ಟಿತು. ಮೊದಲ ಕಾರ್ಬೈಡ್ ಬೀಡು ಕಬ್ಬಿಣಕ್ಕೆ ಚೆನ್ನಾಗಿ ಒಗ್ಗಿತು. ಉಕ್ಕು ಕತ್ತರಿಸುವಾಗ ಮಾತ್ರ ಬಿಸಿ ಚಿಪ್ ಉಜ್ಜಿ ಟೂಲಿನ ಮೇಲ್ಮೈಯಲ್ಲಿ ಕುಳಿ ಬೀಳುತ್ತಿತ್ತು. ಟೈಟಾನಿಯಂ ಸೇರಿಸಿದ ಮಿಶ್ರಣದಿಂದ ಆ ತೊಂದರೆ ತಗ್ಗಿಸಿದವರಲ್ಲಿ ಅಮೆರಿಕದ ಫಿಲಿಪ್ ಮೆಕೆನ್ನಾ ಮುಖ್ಯರು. ಅವರು 1938ರಲ್ಲಿ ಕಟ್ಟಿದ ಕಂಪನಿಯೇ ಕೆನ್ನಾಮೆಟಲ್. ಎರಡನೆಯ ಮಹಾಯುದ್ಧದ ನಂತರ ಬೆಸುಗೆಯಿಲ್ಲದೆ ಬಿಗಿದು ಕೂರಿಸುವ ತುದಿಗಳು ಬಂದವು. 1969ರಲ್ಲಿ ಸ್ವೀಡನ್ನಿನ ಸ್ಯಾಂಡ್‌ವಿಕ್ ಕೊರೊಮಂಟ್ ಲೇಪನವಿರುವ ಇನ್ಸರ್ಟ್ ಹೊರತಂದಿತು. ಇಂದು ಚಿನ್ನದ ಬಣ್ಣದಲ್ಲೋ ಕಪ್ಪು ನೇರಳೆಯಲ್ಲೋ ಹೊಳೆಯುವ ಇನ್ಸರ್ಟ್‌ಗಳೆಲ್ಲ ಆ ಪರಂಪರೆಯವು.

ಈ ಕತೆಯಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆ ನೆಲೆಗೊಂಡಿತು. 1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಸ್ಥಾಪನೆಯಾಯಿತು. 1962ರಲ್ಲಿ ಯಂತ್ರೋಪಕರಣ ಸಂಶೋಧನೆಗೆಂದು ಸಿಎಂಟಿಐ ಬಂತು. 1964ರಲ್ಲಿ ವಿಡಿಯಾ ಇಂಡಿಯಾ ಹುಟ್ಟಿ, ತುಮಕೂರು ರಸ್ತೆಯ ಅದರ ಕಾರ್ಖಾನೆಯಿಂದ ಕಾರ್ಬೈಡ್ ಹೊರಬರತೊಡಗಿತು; ಆ ಸಂಸ್ಥೆ ಈಗ ಕೆನ್ನಾಮೆಟಲ್ ಇಂಡಿಯಾ. ಲೇತ್, ಲೇತ್‌ಗೆ ಬೇಕಾದ ವಿದ್ಯೆ, ಲೇತ್‌ನ ಟೂಲ್ ಮೂರನ್ನೂ ಒಂದೇ ನಾಡು ತಯಾರಿಸಿದ ಈ ಕಾಲದ ಫಲವಾಗಿಯೇ ಪೀಣ್ಯದಲ್ಲಿ, ಬೆಳಗಾವಿಯ ಉದ್ಯಮಬಾಗದಲ್ಲಿ, ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ ಲೋಹದ ಕೆಲಸ ಬೇರೂರಿತು. ಕಾರ್ಬೈಡ್ ತುದಿಯ ಯಾವ ಟೂಲನ್ನಾದರೂ ವಿಡಿಯಾ ಎಂದೇ ಕೇಳಿ ಕೊಳ್ಳುವ ರೂಢಿ ನಮ್ಮ ಅಂಗಡಿಗಳಲ್ಲಿ ಇಂದಿಗೂ ಇದೆ.

ಆಗಿನ ವಿಡಿಯಾ ಟೂಲ್ ಎಂದರೆ ಉಕ್ಕಿನ ದಂಡಕ್ಕೆ ಬೆಸೆದ ಕಾರ್ಬೈಡ್ ತುಂಡು. ಅದನ್ನು ಹರಿತ ಮಾಡಲು ಮಾಮೂಲಿ ಗ್ರೈಂಡಿಂಗ್ ಕಲ್ಲು ಸಾಲದು. ಸಿಲಿಕಾನ್ ಕಾರ್ಬೈಡಿನ ಹಸಿರು ಕಲ್ಲು ಅಥವಾ ವಜ್ರದ ಚಕ್ರ ಬೇಕು. ಕೋನ ಹಿಡಿಯುವ ಕೈ ಪಳಗಬೇಕು. ಬಿಸಿಯಾದ ತುದಿಯನ್ನು ನೀರಿಗೆ ಅದ್ದಿದರೆ ಬಿರುಕು. ಮನೆಯಲ್ಲಿ ಒಂದೇ ಗ್ರೈಂಡರ್ ಇರುವವರಿಗೆ ಇದು ತೊಡಕಿನ ಕೆಲಸವಾಗಿತ್ತು. ಇನ್ಸರ್ಟ್ ತಪ್ಪಿಸಿದ್ದು ಮೊದಲಿಗೆ ಈ ತೊಡಕನ್ನು. ತುದಿ ಹೋದರೆ ತಿರುಪು ಸಡಿಲಿಸಿ ಇನ್ನೊಂದು ಮೂಲೆಗೆ ತಿರುಗಿಸಿದರಾಯಿತು. ಸೆಂಟರಿನ ಎತ್ತರ ಮತ್ತೆ ಹೊಂದಿಸುವ ಗೋಜಿಲ್ಲ. ಮನೆಯ ಕೆಲಸಗಾರನಿಗೆ ಉಳಿದ ಈ ಸಮಯವೇ ಇನ್ಸರ್ಟಿನ ನಿಜವಾದ ಗಳಿಕೆ. ವೇಗದ ಲಾಭ ಎರಡನೆಯದು, ಅದೂ ಎಲ್ಲರಿಗೂ ದಕ್ಕುವಂಥದ್ದಲ್ಲ.

ಲೇತ್‌ನ ಮಿತಿ ಎಲ್ಲಿದೆ

ದಕ್ಕದಿರಲು ಕಾರಣ ಅಂಕಿಗಳಲ್ಲಿದೆ. ಮೈಲ್ಡ್ ಸ್ಟೀಲನ್ನು ಎಚ್‌ಎಸ್‌ಎಸ್ ಟೂಲಿನಿಂದ ನಿಮಿಷಕ್ಕೆ 25ರಿಂದ 30 ಮೀಟರ್ ವೇಗದಲ್ಲಿ ಕತ್ತರಿಸುವುದು ರೂಢಿ. ಅದೇ ಲೋಹಕ್ಕೆ ಕಾರ್ಬೈಡಿನ ವೇಗ 150 ಮೀಟರ್ ಎಂದಿಟ್ಟುಕೊಳ್ಳೋಣ. 20 ಮಿ.ಮೀ. ವ್ಯಾಸದ ಸರಳಿನ ಮೇಲೆ ಆ ವೇಗ ಸಿಗಲು ಚಕ್ ನಿಮಿಷಕ್ಕೆ ಸುಮಾರು 2,400 ಸುತ್ತು ತಿರುಗಬೇಕು. ಸರಳು 10 ಮಿ.ಮೀ. ಆದರೆ 4,800 ಸುತ್ತು.

ಮನೆ ಲೇತ್‌ಗಳ ಪೈಕಿ ಜಗತ್ತಿನಲ್ಲೇ ಹೆಸರಾದ ಇಂಗ್ಲೆಂಡಿನ ಮೈಫೋರ್ಡ್ ಎಂಎಲ್7, 1946ರಲ್ಲಿ ಬಂದಾಗ ಅದರ ಗರಿಷ್ಠ ವೇಗ ಸುಮಾರು 640 ಆರ್‌ಪಿಎಂ. 20 ಮಿ.ಮೀ. ಸರಳಿನ ಮೇಲೆ ಇದು ನಿಮಿಷಕ್ಕೆ 40 ಮೀಟರ್ ಆಗುತ್ತದೆ. 150 ಮೀಟರ್ ಮುಟ್ಟಬೇಕಾದರೆ ಸರಳೇ 75 ಮಿ.ಮೀ. ದಪ್ಪವಿರಬೇಕು. ಎಚ್‌ಎಸ್‌ಎಸ್ ಯುಗದ ಯಂತ್ರವನ್ನು ಎಚ್‌ಎಸ್‌ಎಸ್‌ಗೆ ತಕ್ಕಂತೆಯೇ ಕಟ್ಟಿದ್ದರು. ಈಗ ನಮ್ಮ ದೇಶಕ್ಕೂ ಬರುವ ಚೀನಾದ ಮಿನಿ ಲೇತ್‌ಗಳಲ್ಲಿ ವೇಗದ ಕೊರತೆ ಅಷ್ಟಿಲ್ಲ. ಹಲವು ಮಾದರಿಗಳು 2,500 ಆರ್‌ಪಿಎಂವರೆಗೆ ಹೋಗುತ್ತವೆ. ಅಲ್ಲಿ ಕೊರತೆ ಮೋಟರಿನ ಬಲದ್ದು, ಹಾಸಿಗೆ ಮತ್ತು ಸ್ಲೈಡುಗಳ ಬಿಗುವಿನದು. 350ರಿಂದ 550 ವಾಟ್ ಮೋಟರ್ ಈ ವರ್ಗದಲ್ಲಿ ಸಾಮಾನ್ಯ.

ಕಟ್‌ನ ಆಳ, ಫೀಡ್, ವೇಗ, ಲೋಹದ ಪ್ರತಿರೋಧ ಈ ನಾಲ್ಕನ್ನು ಗುಣಿಸಿದರೆ ಬೇಕಾದ ಶಕ್ತಿ ಸಿಗುತ್ತದೆ. ಮೈಲ್ಡ್ ಸ್ಟೀಲಿನ ಪ್ರತಿರೋಧ ಚದರ ಮಿ.ಮೀ.ಗೆ ಸುಮಾರು 2,000 ನ್ಯೂಟನ್ ಎಂದು ಹಿಡಿಯೋಣ. 1 ಮಿ.ಮೀ. ಆಳ, ಸುತ್ತಿಗೆ 0.1 ಮಿ.ಮೀ. ಫೀಡ್, ನಿಮಿಷಕ್ಕೆ 100 ಮೀಟರ್ ವೇಗ ಇಟ್ಟರೆ ಟೂಲಿನ ತುದಿಯಲ್ಲೇ 330 ವಾಟ್ ಬೇಕು. ಬೆಲ್ಟು, ಗೇರು, ಬೇರಿಂಗು ತಿನ್ನುವ ಪಾಲು ಇದಕ್ಕೆ ಸೇರಬೇಕು. 350 ವಾಟ್ ಮೋಟರಿಗೆ ಇದೇ ಅತಿಯಾಯಿತು. ಈಗ ಕಾರ್ಖಾನೆಯ ಲೆಕ್ಕ ನೋಡಿ: ದೊಡ್ಡ ಸಿಎನ್‌ಸಿಯಲ್ಲಿ ರಫ್ ಕಟ್‌ಗೆ 3 ಮಿ.ಮೀ. ಆಳ, 0.25 ಮಿ.ಮೀ. ಫೀಡ್, 200 ಮೀಟರ್ ವೇಗ ಇಟ್ಟರೆ ಅದೇ ಸೂತ್ರ 5 ಕಿಲೋವಾಟ್ ಕೇಳುತ್ತದೆ. ಸಿಎನ್‌ಎಂಜಿ 120408 ಎಂಬ ಪ್ರಸಿದ್ಧ ಇನ್ಸರ್ಟ್ ಹುಟ್ಟಿದ್ದು ಇಂಥ ಕೆಲಸಕ್ಕೆ. ಅದನ್ನು ತಂದು ಮಿನಿ ಲೇತ್‌ಗೆ ಹೂಡುವುದು ಎಳೆಗರುವಿನ ಹೆಗಲಿಗೆ ರೋಣಗಲ್ಲು ಕಟ್ಟಿದಂತೆ.

ಈ ವರ್ಷಗಳಲ್ಲಿ ಹೆಚ್ಚು ಹಣ ವ್ಯರ್ಥವಾದದ್ದು ಇಲ್ಲಿಯೇ. ಸಿಎನ್‌ಎಂಜಿ, ಡಬ್ಲ್ಯೂಎನ್‌ಎಂಜಿ, ಟಿಎನ್‌ಎಂಜಿ ಇನ್ಸರ್ಟ್‌ಗಳಿಗೆ ಎರಡೂ ಮುಖದಲ್ಲಿ ತುದಿಗಳಿವೆ. ಡಬ್ಲ್ಯೂಎನ್‌ಎಂಜಿಯಲ್ಲಂತೂ ಒಟ್ಟು ಆರು. ಕಾಸಿಗೆ ಹೆಚ್ಚು ತುದಿ ಎಂದು ಲೆಕ್ಕ ಹಾಕಿ ಕೊಂಡವರು ಬಹಳ. ಆದರೆ ಎರಡೂ ಮುಖ ಬಳಕೆಯಾಗಬೇಕಾದರೆ ಪಕ್ಕದ ಅಂಚು ನೇರ ನಿಂತಿರಬೇಕು. ಹೋಲ್ಡರ್ ಅದನ್ನು ಮುಂದಕ್ಕೆ ಬಾಗಿಸಿ ಹಿಡಿಯುವುದರಿಂದ ಟೂಲ್ ಲೋಹವನ್ನು ಸೀಳುವುದಕ್ಕಿಂತ ಹೆಚ್ಚಾಗಿ ತಳ್ಳುತ್ತದೆ. ಆ ತಳ್ಳುವಿಕೆಯನ್ನು ದೊಡ್ಡ ಯಂತ್ರದ ಮೈ ತಾಳಿಕೊಳ್ಳುತ್ತದೆ. ಸಣ್ಣ ಲೇತ್‌ನಲ್ಲಿ ಸರಳು ಬಾಗುತ್ತದೆ, ಟೂಲ್ ಪೋಸ್ಟ್ ನಡುಗುತ್ತದೆ, ಮೇಲ್ಮೈ ತುಂಬ ಅಲೆಗಳು ಮೂಡುತ್ತವೆ.

ನೆಲೆ ನಿಂತ ಆಯ್ಕೆ

ಸಣ್ಣ ಲೇತ್‌ಗಳಲ್ಲಿ ಕೊನೆಗೆ ನೆಲೆ ನಿಂತದ್ದು ಒಂದೇ ಮುಖದ, ನಡುವೆ ತೂತಿರುವ, ತಿರುಪಿನಿಂದ ಬಿಗಿಯುವ ಪಾಸಿಟಿವ್ ಇನ್ಸರ್ಟ್‌ಗಳು. ಅವುಗಳಲ್ಲಿ ಮೊದಲ ಸ್ಥಾನ ಸಿಸಿಎಂಟಿ 060204ರದ್ದು. ಈ ಸಂಕೇತ ಐಎಸ್‌ಒ 1832 ಮಾನಕದ ಪ್ರಕಾರ ಬರೆದದ್ದು. ಓದಲು ಬಂದರೆ ಅಂಗಡಿಯವರ ಮಾತಿಗೆ ಕಾಯಬೇಕಿಲ್ಲ. ಮೊದಲ ಸಿ 80 ಡಿಗ್ರಿಯ ವಜ್ರಾಕೃತಿ. ಎರಡನೆಯ ಸಿ ಪಕ್ಕದ ಅಂಚಿಗಿರುವ 7 ಡಿಗ್ರಿ ಇಳಿಜಾರು. ಪಾಸಿಟಿವ್ ಎನ್ನುವುದು ಇದರಿಂದಲೇ. ಎಂ ತಯಾರಿಕೆಯ ನಿಖರತೆಯ ದರ್ಜೆ. ಟಿ ತಿರುಪಿನ ತೂತು ಮತ್ತು ಒಂದು ಮುಖದ ಚಿಪ್ ಬ್ರೇಕರನ್ನು ಹೇಳುತ್ತದೆ. 06 ಅಂಚಿನ ಉದ್ದ, 02 ಎಂದರೆ 2.38 ಮಿ.ಮೀ. ದಪ್ಪ, ಕೊನೆಯ 04 ಎಂದರೆ ಮೂತಿಯ ದುಂಡು 0.4 ಮಿ.ಮೀ.

ಇದೇ ಬಳಗದ 09ಟಿ304 ಗಾತ್ರ ದೊಡ್ಡದು, ದಪ್ಪ 3.97 ಮಿ.ಮೀ. ಮೈಫೋರ್ಡ್ ಗಾತ್ರದ, ಗಟ್ಟಿ ಮೈಯ ಲೇತ್‌ಗೆ ಅದು ನಡೆಯುತ್ತದೆ. ಮಿನಿ ಲೇತ್‌ಗೆ 06 ಸಾಕು. ಸಣ್ಣ ಇನ್ಸರ್ಟ್ ದುರ್ಬಲ ಎಂಬ ಭಾವನೆಯಲ್ಲಿ ಹಲವರು ದೊಡ್ಡದನ್ನು ಆರಿಸಿದ್ದಾರೆ. ಮಿನಿ ಲೇತ್‌ನಲ್ಲಿ ಒಂದು ಕಟ್‌ಗೆ 1 ಮಿ.ಮೀ. ಆಳ ದಾಟುವುದೇ ಅಪರೂಪ, 6 ಮಿ.ಮೀ. ಅಂಚಿನ ಬಹುಭಾಗ ಅಲ್ಲಿ ಲೋಹವನ್ನು ಮುಟ್ಟುವುದೇ ಇಲ್ಲ.

ಹೋಲ್ಡರ್‌ಗೂ ಹೀಗೆಯೇ ಒಂದು ಭಾಷೆಯಿದೆ. ಎಸ್‌ಸಿಎಲ್‌ಸಿಆರ್ 1010 ಎಂದರೆ ತಿರುಪಿನ ಬಿಗಿತ, 80 ಡಿಗ್ರಿ ಇನ್ಸರ್ಟ್, ಕೆಲಸಕ್ಕೆ 95 ಡಿಗ್ರಿ ಕೋನ, ಬಲಗೈ ಕಟ್, 10 ಮಿ.ಮೀ. ಚೌಕದ ದಂಡ. ಈ 95 ಡಿಗ್ರಿಯ ಗುಣವೇನೆಂದರೆ ಟೂಲ್ ಪೋಸ್ಟ್ ಅಲುಗಾಡಿಸದೆ ಟರ್ನಿಂಗ್ ಮತ್ತು ಫೇಸಿಂಗ್ ಎರಡೂ ಮಾಡಬಹುದು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕೆಲಸಕ್ಕೆ, ಇಕ್ಕಟ್ಟಿನ ಮೂಲೆಗೆ 55 ಡಿಗ್ರಿಯ ಡಿಸಿಎಂಟಿ 070204 ಮತ್ತು ಅದರ ಹೋಲ್ಡರ್ ಒಳ್ಳೆಯ ಜೊತೆ. 35 ಡಿಗ್ರಿಯ ವಿಸಿಎಂಟಿ ನೋಡಲು ಚೆಂದ. ಅದರ ಚೂಪು ಮೂತಿ ಬಲು ಬೇಗ ಮುರಿಯುತ್ತದೆ, ಆದ್ದರಿಂದ ಮೊದಲ ಖರೀದಿಗೆ ತಕ್ಕದ್ದಲ್ಲ.

ದಂಡದ ಗಾತ್ರ ಆರಿಸುವ ಮುನ್ನ ಟೂಲ್ ಪೋಸ್ಟಿನ ತಳದಿಂದ ಲೇತ್‌ನ ಸೆಂಟರ್‌ವರೆಗಿನ ಎತ್ತರ ಅಳೆಯಬೇಕು. ಐಎಸ್‌ಒ ಹೋಲ್ಡರ್‌ಗಳಲ್ಲಿ ಕತ್ತರಿಸುವ ತುದಿ ದಂಡದ ಎತ್ತರಕ್ಕೆ ಸಮನಾಗಿರುತ್ತದೆ. ಆ ಅಳತೆ 11 ಮಿ.ಮೀ. ಬಂದರೆ 10ರ ದಂಡ ತಂದು ಕೆಳಗೆ 1 ಮಿ.ಮೀ. ತಗಡಿನ ಪ್ಯಾಕಿಂಗ್ ಕೊಡಬಹುದು. 12ರ ದಂಡ ತಂದರೆ ತುದಿ ಸೆಂಟರಿಗಿಂತ ಮೇಲಾಗಿ ಲೋಹ ಕತ್ತರಿಸುವ ಬದಲು ಉಜ್ಜುತ್ತದೆ. ಮತ್ತೆ ದಂಡದ ತಳ ಮಿಲ್ ಮಾಡಿಸಬೇಕಾಗುತ್ತದೆ. ಒಂದು ಅಡಿಪಟ್ಟಿಯಿಂದ ತಪ್ಪಿಸಬಹುದಾದ ನಷ್ಟವಿದು.

ಮೂತಿಯ ದುಂಡು, ಅಂಚಿನ ಹರಿತ

ಇನ್ಸರ್ಟ್ ಡಬ್ಬಿಯ ಮೇಲಿನ ಕೊನೆಯ ಎರಡು ಅಂಕಿಗಳಷ್ಟು ನಿರ್ಲಕ್ಷ್ಯಕ್ಕೆ ಒಳಗಾದದ್ದು ಇನ್ನೊಂದಿಲ್ಲ. ಮೇಲ್ಮೈಯ ಏರಿಳಿತವನ್ನು ಲೆಕ್ಕ ಹಾಕುವ ಸುಲಭ ಸೂತ್ರವಿದೆ: ಫೀಡನ್ನು ಅದರಿಂದಲೇ ಗುಣಿಸಿ, ಮೂತಿಯ ದುಂಡಿನ ಎಂಟರಷ್ಟರಿಂದ ಭಾಗಿಸಬೇಕು. ಫೀಡ್ 0.1 ಮಿ.ಮೀ. ಇರುವಾಗ 0.4ರ ಮೂತಿ ಸುಮಾರು 3 ಮೈಕ್ರಾನ್ ಏರಿಳಿತ ಬಿಡುತ್ತದೆ, 0.2ರ ಮೂತಿ 6 ಮೈಕ್ರಾನ್, 0.8ರ ಮೂತಿ ಒಂದೂವರೆ. ಈ ಲೆಕ್ಕ ನೋಡಿದವರಿಗೆ 0.8 ಕೊಂಡರೆ ಕನ್ನಡಿಯಂಥ ಫಿನಿಶ್ ಎನಿಸುವುದು ಸಹಜ. ಲೆಕ್ಕ ಸರಿ, ಆದರೆ ಅದು ಅರ್ಧ ಸತ್ಯ. ಕಟ್‌ನ ಆಳ ಮೂತಿಯ ದುಂಡಿಗಿಂತ ಕಡಿಮೆಯಾದಷ್ಟೂ ಟೂಲಿನ ಒತ್ತಡ ಸರಳಿಗೆ ಅಡ್ಡವಾಗಿ ಬೀಳುತ್ತದೆ. ತೆಳ್ಳನೆಯ ಸರಳು ಹಿಂದೆ ಸರಿಯುತ್ತದೆ, ನಡುಕ ಹುಟ್ಟುತ್ತದೆ. ಅರ್ಧ ಮಿ.ಮೀ. ಕಟ್ ಕೊಡುವ ಯಂತ್ರಕ್ಕೆ 0.8ರ ಮೂತಿ ಭಾರ. ದಿನನಿತ್ಯದ ಕೆಲಸಕ್ಕೆ 0.4, ಸಣ್ಣ ವ್ಯಾಸದ ನಾಜೂಕು ಕೆಲಸಕ್ಕೆ 0.2. ಈ ಎರಡರಲ್ಲಿ ಮನೆಯ ಬಹುತೇಕ ಕೆಲಸ ಮುಗಿಯುತ್ತದೆ.

ದುಂಡಿನಷ್ಟೇ ಮುಖ್ಯವಾದದ್ದು ಅಂಚಿನ ಹರಿತ. ಕಾರ್ಖಾನೆಯ ಉಕ್ಕಿನ ಇನ್ಸರ್ಟ್‌ಗಳ ಅಂಚನ್ನು ಬೇಕೆಂದೇ ಕೊಂಚ ಮೊಂಡು ಮಾಡಿರುತ್ತಾರೆ. ಹೆಚ್ಚು ಫೀಡಿನ ಹೊಡೆತಕ್ಕೆ ಅಂಚು ಉದುರಬಾರದೆಂಬ ಕಾರಣಕ್ಕೆ. ಅದರ ಮೇಲೆ ರಾಸಾಯನಿಕ ಆವಿಯಿಂದ ಬೆಳೆಸಿದ ದಪ್ಪ ಲೇಪನ ಸೇರಿದರೆ ಮೊಂಡು ಇನ್ನಷ್ಟು. ಅಂಥ ಅಂಚಿನಿಂದ 0.05 ಮಿ.ಮೀ. ತೆಗೆಯಹೊರಟರೆ ಲೋಹ ಕಡಿಯದೆ ಜಾರುತ್ತದೆ; ಮುಂದಿನ ಸಲ ಒಮ್ಮೆಲೇ 0.1 ಮಿ.ಮೀ. ಕಚ್ಚಿ ಅಳತೆ ತಪ್ಪುತ್ತದೆ. ಕಾರ್ಬೈಡಿನಲ್ಲಿ ಅಳತೆ ನಿಲ್ಲುವುದಿಲ್ಲ ಎಂದು ಗೊಣಗುವವರ ಕಷ್ಟದ ಬೇರು ಬಹುಪಾಲು ಇಲ್ಲಿದೆ.

ಇದಕ್ಕೆ ಸಿಕ್ಕ ಪರಿಹಾರ ಈ ಅವಧಿಯ ಒಳ್ಳೆಯ ಕಲಿಕೆಗಳಲ್ಲಿ ಒಂದು. ಅಲ್ಯೂಮಿನಿಯಂಗೆಂದು ತಯಾರಾದ ಸಿಸಿಜಿಟಿ ಮತ್ತು ಡಿಸಿಜಿಟಿ ಇನ್ಸರ್ಟ್‌ಗಳನ್ನು ಗ್ರೈಂಡ್ ಮಾಡಿ ಹರಿತಗೊಳಿಸಿ, ಮೇಲ್ಮೈ ಹೊಳಪು ಮಾಡಿರುತ್ತಾರೆ. ಸಾಮಾನ್ಯವಾಗಿ ಲೇಪನ ಇರುವುದಿಲ್ಲ. ಸಣ್ಣ ಲೇತ್‌ನ ಕಡಿಮೆ ವೇಗ, ಕಡಿಮೆ ಬಲಕ್ಕೆ ಇವು ಮೈಲ್ಡ್ ಸ್ಟೀಲ್ ಮೇಲೂ ಸೊಗಸಾಗಿ ಹೊಂದುತ್ತವೆ. ಹಗುರ ಕಟ್‌ನಲ್ಲಿ ಹರಿತ ಅಂಚು ಕಡಿಮೆ ಒತ್ತಡದಲ್ಲಿ ಲೋಹ ತೆಗೆಯುತ್ತದೆ. ಉಕ್ಕಿನ ಮೇಲೆ ಬೇಗ ಸವೆಯುತ್ತದೆ, ನಿಜ. ಕಾರ್ಖಾನೆಗೆ ಅದು ನಷ್ಟ, ವಾರಕ್ಕೆ ಕೆಲವು ತಾಸು ದುಡಿಯುವ ಮನೆಯ ಲೇತ್‌ಗೆ ಅದು ತಾಳಿಕೊಳ್ಳಬಹುದಾದ ಬೆಲೆ. ಬೀಡಿನ ಎರಕದ ಗಟ್ಟಿ ಹೊರಪದರಕ್ಕೆ ಮತ್ತು ಏಟು ಬೀಳುವ ಕಟ್‌ಗಳಿಗೆ ಮಾತ್ರ ಇವನ್ನು ಹಚ್ಚಬಾರದು.

ಬಣ್ಣ, ಅಕ್ಷರ, ಲೇಪನ

ಐಎಸ್‌ಒ 513 ಮಾನಕ ಲೋಹಗಳನ್ನು ಅಕ್ಷರ ಮತ್ತು ಬಣ್ಣಗಳಲ್ಲಿ ಹಂಚಿದೆ. ಪಿ ನೀಲಿ, ಉಕ್ಕಿಗೆ. ಎಂ ಹಳದಿ, ಸ್ಟೇನ್‌ಲೆಸ್ ಸ್ಟೀಲಿಗೆ. ಕೆ ಕೆಂಪು, ಬೀಡಿಗೆ. ಎನ್ ಹಸಿರು, ಅಲ್ಯೂಮಿನಿಯಂ, ಹಿತ್ತಾಳೆ ಮುಂತಾದವಕ್ಕೆ. ಅಕ್ಷರದ ಪಕ್ಕದ ಅಂಕಿ ಚಿಕ್ಕದಾದಷ್ಟೂ ಗಡಸು ಹೆಚ್ಚು, ದೊಡ್ಡದಾದಷ್ಟೂ ಏಟು ತಾಳುವ ಗುಣ ಹೆಚ್ಚು. ಪಿ10 ಒಂದೇ ಸಮನೆ ಓಡುವ ಗಟ್ಟಿ ಯಂತ್ರಕ್ಕೆ. ನಡುಗುವ, ನಿಂತು ಹೊರಡುವ ಮನೆಯ ಲೇತ್‌ಗೆ ಪಿ25ರಿಂದ ಪಿ35ರ ಆಸುಪಾಸು ಕ್ಷೇಮ. ದುಬಾರಿ ಗ್ರೇಡ್ ಎಂದರೆ ಒಳ್ಳೆಯದು ಎಂಬ ಎಣಿಕೆ ಇಲ್ಲಿ ನಡೆಯುವುದಿಲ್ಲ. ಸವೆದು ಹೋಗುವ ಇನ್ಸರ್ಟ್‌ಗಿಂತ ಮುಕ್ಕಾಗಿ ಹೋಗುವ ಇನ್ಸರ್ಟ್ ಸಣ್ಣ ಲೇತ್‌ನಲ್ಲಿ ಹೆಚ್ಚು.

ಲೇಪನವಿರುವುದು ಬೇಕಾದರೆ ತೆಳು ಪಿವಿಡಿ (ಭೌತಿಕ ಆವಿಯಿಂದ ಕೂರಿಸಿದ) ಲೇಪನದ್ದನ್ನು ಕೇಳಬೇಕು. ಅದರಲ್ಲಿ ಅಂಚು ಹೆಚ್ಚು ಹರಿತ ಉಳಿಯುತ್ತದೆ. ಬರಿಯ ಬಣ್ಣ ನೋಡಿ ಗುಣ ಅಳೆಯಲಾಗದು. ಹೆಸರುವಾಸಿ ಕಂಪನಿಗಳ ಡಬ್ಬಿಯನ್ನೇ ಹೋಲುವ ನಕಲಿ ಮಾಲು ಮಾರುಕಟ್ಟೆಯಲ್ಲಿ ಓಡಾಡುತ್ತಿದೆ. ನಂಬಲಾಗದಷ್ಟು ಅಗ್ಗವೆನಿಸಿದ ಡಬ್ಬಿಯಿಂದ ದೂರವಿರುವುದೇ ಲೇಸು.

ಕಾರ್ಬೈಡ್ ತಡವರಿಸಿದ ಕೆಲಸಗಳು

ಟರ್ನಿಂಗ್ ಮತ್ತು ಫೇಸಿಂಗ್‌ನಲ್ಲಿ ಇನ್ಸರ್ಟ್ ಗೆದ್ದಿದೆ. ಬೋರಿಂಗ್‌ನಲ್ಲಿ ಷರತ್ತಿನ ಮೇಲೆ ಗೆದ್ದಿದೆ. ಉಕ್ಕಿನ ಬೋರಿಂಗ್ ಬಾರನ್ನು ಅದರ ವ್ಯಾಸದ ನಾಲ್ಕರಷ್ಟಕ್ಕಿಂತ ಹೆಚ್ಚು ಹೊರಚಾಚಿದರೆ ನಡುಕ ಶುರುವಾಗುತ್ತದೆ. ತೂತು ಹಿಡಿಸುವಷ್ಟು ದಪ್ಪ ಬಾರು, ಸಾಧ್ಯವಾದಷ್ಟು ಗಿಡ್ಡ ಚಾಚು, 0.2ರ ಹರಿತ ಮೂತಿ ಇದ್ದರೆ ಕೆಲಸ ಹಿತವಾಗಿ ಸಾಗುತ್ತದೆ.

ಪಾರ್ಟಿಂಗ್‌ನಲ್ಲಿ ಫಲ ಮಿಶ್ರ. 2 ಮಿ.ಮೀ. ಅಗಲದ ಎಂಜಿಎಂಎನ್ 200 ಇನ್ಸರ್ಟ್ ಚಿಪ್ಪನ್ನು ಮಡಚಿ ತೋಡಿನಿಂದ ಹೊರಹಾಕುತ್ತದೆ, ಅದು ದೊಡ್ಡ ಅನುಕೂಲ. ಆದರೆ ಅದು ಒಂದೇ ಸಮನೆಯ ಫೀಡ್ ಕೇಳುತ್ತದೆ. ಹೆದರಿ ಕೈ ತಡೆದರೆ ಉಜ್ಜಿ ಕಾಯುತ್ತದೆ, ಲೇತ್ ಸಿಕ್ಕಿಕೊಂಡು ನಿಂತರೆ ತುದಿ ಹೋಯಿತು. ಹಳೆಯ ಮೈಫೋರ್ಡ್ ಬಳಕೆದಾರರು ಹಿಂಬದಿಯ ಟೂಲ್ ಪೋಸ್ಟಿನಲ್ಲಿ ಎಚ್‌ಎಸ್‌ಎಸ್ ಬ್ಲೇಡನ್ನು ತಲೆಕೆಳಗಾಗಿ ಬಿಗಿದು ಪಾರ್ಟಿಂಗ್ ಮಾಡುತ್ತಿದ್ದ ಪದ್ಧತಿ ಸಣ್ಣ ಲೇತ್‌ಗೆ ಇಂದಿಗೂ ನಂಬಿಕಸ್ತ ದಾರಿ.

ಥ್ರೆಡಿಂಗ್‌ಗೆ 16ಇಆರ್ ಎಜಿ60 ಎಂಬ ಒಂದೇ ಇನ್ಸರ್ಟ್ 0.5ರಿಂದ 3 ಮಿ.ಮೀ. ಪಿಚ್‌ವರೆಗಿನ ಮೆಟ್ರಿಕ್ ಥ್ರೆಡ್‌ಗಳಿಗೆ ಒದಗುತ್ತದೆ. ಕೋನ ಹಿಡಿದು ಗ್ರೈಂಡ್ ಮಾಡುವ ಶ್ರಮ ತಪ್ಪಿತು. ನಲ್ಲಿ ಪೈಪಿನ ಬಿಎಸ್‌ಪಿ ಥ್ರೆಡ್ 55 ಡಿಗ್ರಿಯದು, ಅದಕ್ಕೆ ಬೇರೆ ಇನ್ಸರ್ಟ್ ಬೇಕು ಎಂಬುದು ನೆನಪಿರಲಿ. ಲೇತ್ ನಿಲ್ಲಿಸುವ ಮುನ್ನ ಟೂಲನ್ನು ಥ್ರೆಡ್ಡಿನಿಂದ ಹೊರಗೆಳೆಯುವುದು ಕಡ್ಡಾಯ. ತುದಿ ಲೋಹದೊಳಗಿರುವಾಗ ಚಕ್ ನಿಂತರೆ ಎಚ್‌ಎಸ್‌ಎಸ್ ತಾಳಿಕೊಳ್ಳಬಹುದು, ಕಾರ್ಬೈಡ್ ತಾಳುವುದಿಲ್ಲ.

ಇನ್ನು ಎಚ್‌ಎಸ್‌ಎಸ್. ಅದರ ಕಾಲ ಮುಗಿಯಿತು ಎಂಬ ಮಾತು ಆಗಾಗ ಕೇಳಿಬರುತ್ತದೆ. ಸಣ್ಣ ಲೇತ್‌ನ ಮಟ್ಟಿಗೆ ಅದು ಸುಳ್ಳು. ಚೌಕ ಸರಳನ್ನು ದುಂಡಗೆ ಮಾಡುವಾಗಿನ ಏಟಿಗೆ, ವಿಶೇಷ ಆಕಾರದ ಟೂಲಿಗೆ, ಕೊನೆಯ 0.02 ಮಿ.ಮೀ. ಸವರಿ ಬೇರಿಂಗ್ ಕೂರುವ ಅಳತೆಗೆ ತರುವುದಕ್ಕೆ, 300 ಆರ್‌ಪಿಎಂನಲ್ಲಿ ತಾಳ್ಮೆಯಿಂದ ಮಾಡುವ ಕೆಲಸಕ್ಕೆ ಅದಕ್ಕೆ ಸಮ ಇನ್ನೊಂದಿಲ್ಲ. ನಮಗೆ ಕಳವಳವಿರುವುದು ಈ ವಿಷಯದಲ್ಲಿ. ಇನ್ಸರ್ಟಿನಿಂದಲೇ ಶುರು ಮಾಡಿದ ಹೊಸಬರಲ್ಲಿ ಹಲವರಿಗೆ ಟೂಲ್ ಹರಿತ ಮಾಡುವ ಕಸುಬು ಬಂದೇ ಇಲ್ಲ. ರೇಕ್ ಎಂದರೇನು, ಕ್ಲಿಯರೆನ್ಸ್ ಕಡಿಮೆಯಾದರೆ ಏನಾಗುತ್ತದೆ ಎಂಬುದು ಗ್ರೈಂಡರ್ ಮುಂದೆ ನಿಂತು ಒಂದು ಎಚ್‌ಎಸ್‌ಎಸ್ ತುಂಡನ್ನು ಮಸೆದಾಗ ಕೈಗೆ ಹತ್ತುವ ಜ್ಞಾನ. ಅದಿದ್ದವರು ಇನ್ಸರ್ಟನ್ನೂ ಸರಿಯಾಗಿ ಆರಿಸುತ್ತಾರೆ.

ಜೀವಕ್ಕೂ ನೆಲಕ್ಕೂ ಸಂಬಂಧಿಸಿದ್ದು

ವೇಗದ ಆಸೆಗೆ ಪುಲ್ಲಿ ಬದಲಿಸಿ ಹಳೆಯ ಲೇತ್‌ನ ಸುತ್ತು ಏರಿಸುವವರಿದ್ದಾರೆ. ಚಕ್‌ನ ಮೇಲೆ ನಮೂದಾದ ಗರಿಷ್ಠ ವೇಗ ನೋಡದೆ ಇದನ್ನು ಮಾಡುವುದು ಪ್ರಾಣದ ಜೊತೆ ಆಟ. ಕಾರ್ಬೈಡ್ ವೇಗದಲ್ಲಿ ಚಿಪ್ ನೀಲಿಗಟ್ಟಿ, ಕಾದು ಹಾರುತ್ತದೆ. ಫೀಡ್ ಕಡಿಮೆಯಾದರೆ ಚಿಪ್ ಬ್ರೇಕರ್ ಕೆಲಸ ಮಾಡದೆ ಹರಿತವಾದ ಉದ್ದನೆಯ ಸುರುಳಿ ಬರುತ್ತದೆ. ಕನ್ನಡಕ ಬೇಕೇ ಬೇಕು; ತಿರುಗುವ ಚಕ್ ಹತ್ತಿರ ಕೈಗವಸು ಕೂಡದು; ಸುರುಳಿಯನ್ನು ಲೇತ್ ನಿಲ್ಲಿಸಿ ಕೊಕ್ಕೆಯಿಂದ ತೆಗೆಯಬೇಕು. ಕಾದ ಇನ್ಸರ್ಟಿನ ಮೇಲೆ ಆಗೊಮ್ಮೆ ಈಗೊಮ್ಮೆ ಕೂಲಂಟ್ ಚಿಮುಕಿಸಿದರೆ ಬಿರುಕು ಬಿಡುತ್ತದೆ. ಸುರಿದರೆ ಧಾರೆಯಾಗಿ ಸುರಿಯಬೇಕು, ಇಲ್ಲವೇ ಕೂಲಂಟ್ ಇಲ್ಲದೆಯೇ ಕತ್ತರಿಸಬೇಕು. ಕಾರ್ಬೈಡ್ ಮಸೆಯುವಾಗ ಏಳುವ ಕೋಬಾಲ್ಟ್ ಬೆರೆತ ಧೂಳು ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡಬಲ್ಲದು. ಬಾಯಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಸೂಕ್ಷ್ಮ ಧೂಳು ತಡೆಯುವ ಮಾಸ್ಕ್ ಬೇಕು.

ಜಗತ್ತಿನ ಗಣಿಗಳಿಂದ ಬರುವ ಟಂಗ್‌ಸ್ಟನ್‌ನ ಬಹುಪಾಲು ಚೀನಾದ್ದು. 2025ರ ಫೆಬ್ರುವರಿಯಲ್ಲಿ ಆ ದೇಶ ಟಂಗ್‌ಸ್ಟನ್ ರಫ್ತಿನ ಮೇಲೆ ನಿಯಂತ್ರಣ ಹೇರಿತು. ಹೀಗಿರುವಾಗ ಸವೆದ ಇನ್ಸರ್ಟ್ ಕಸವಲ್ಲ. ಅದರಲ್ಲಿರುವ ಟಂಗ್‌ಸ್ಟನ್ ಮತ್ತು ಕೋಬಾಲ್ಟ್ ಮರಳಿ ಪಡೆಯಬಹುದಾದ ಲೋಹಗಳು, ಗುಜರಿಯವರು ತೂಕಕ್ಕೆ ಕೊಳ್ಳುತ್ತಾರೆ. ಒಂದು ಡಬ್ಬಿಯಲ್ಲಿ ಕೂಡಿಟ್ಟು ಕೊಡುವುದು ಮನೆಯ ವರ್ಕ್‌ಶಾಪಿಗೂ ಒಳ್ಳೆಯ ಶಿಸ್ತು.

ನಮ್ಮ ತೀರ್ಮಾನ, ನಮ್ಮ ಕೋರಿಕೆ

ಒಟ್ಟು ಲೆಕ್ಕದಲ್ಲಿ ಇನ್ಸರ್ಟ್ ಸಣ್ಣ ಲೇತ್‌ಗೆ ಒಳ್ಳೆಯದನ್ನೇ ಮಾಡಿದೆ. ಗ್ರೈಂಡರ್ ಇಲ್ಲದ ಮನೆಯಲ್ಲೂ ಲೋಹದ ಕೆಲಸ ಶುರುವಾಗುವಂತೆ ಮಾಡಿದ್ದು ಅದರ ಸಾಧನೆ. ದೊಡ್ಡ ಯಂತ್ರದ ಕ್ಯಾಟಲಾಗ್ ಅಂಕಿಗಳನ್ನು ಸಣ್ಣ ಯಂತ್ರಕ್ಕೆ ಹೊದಿಸಿದ್ದು ಈ ಅವಧಿಯ ದೊಡ್ಡ ಎಡವಟ್ಟು. ಅದಕ್ಕೆ ಕೊಳ್ಳುವವರಷ್ಟೇ ಮಾರುವವರೂ ಹೊಣೆ.

ತಯಾರಕರಲ್ಲಿ ಒಂದು ಕೋರಿಕೆ: ಒಂದು ಕಿಲೋವಾಟ್‌ಗಿಂತ ಕಡಿಮೆ ಬಲದ ಲೇತ್‌ಗೆ ಯಾವ ಆಳ, ಯಾವ ಫೀಡ್ ಹೊಂದುತ್ತದೆ ಎಂಬ ಒಂದು ಸಾಲನ್ನು ಡಬ್ಬಿಯ ಮೇಲೆ ಮುದ್ರಿಸಿ. ಅಂಗಡಿಯವರಲ್ಲಿ ಇನ್ನೊಂದು: ಹತ್ತರ ಡಬ್ಬಿಯನ್ನೇ ಕೊಳ್ಳಿ ಎನ್ನದೆ ಎರಡು ಮೂರು ಬಿಡಿ ಇನ್ಸರ್ಟ್ ಕೊಡುವ ರೂಢಿ ಬೆಳೆಸಿ, ಕಲಿಯುವವನು ನಾಳೆಯ ಗಿರಾಕಿ. ಜಿಟಿಟಿಸಿ, ಎನ್‌ಟಿಟಿಎಫ್ ಮತ್ತು ಐಟಿಐಗಳ ಗುರುಗಳಲ್ಲಿ ಮೂರನೆಯದು: ಸಿಎನ್‌ಸಿ ಪಾಠದ ನಡುವೆಯೂ ಎಚ್‌ಎಸ್‌ಎಸ್ ಮಸೆಯುವ ಪಾಠವನ್ನು ಕೈಬಿಡಬೇಡಿ.

ಓದುಗರಿಗೆ ನಮ್ಮ ಸಲಹೆ ಸರಳ. ಮಿನಿ ಲೇತ್ ಇದ್ದರೆ ಮೊದಲ ಖರೀದಿ 06 ಗಾತ್ರದ ಒಂದು ಎಸ್‌ಸಿಎಲ್‌ಸಿಆರ್ ಹೋಲ್ಡರ್, ಕೆಲವು ಸಿಸಿಎಂಟಿ 060204, ಕೆಲವು ಸಿಸಿಜಿಟಿ 060202, ತೂತಿಗೆ ಅದೇ ಇನ್ಸರ್ಟ್ ಕೂರುವ ಒಂದು ಬೋರಿಂಗ್ ಬಾರ್, ಜೊತೆಗೆ ಎರಡು ಎಚ್‌ಎಸ್‌ಎಸ್ ತುಂಡು. ಬೇರೆ ಬೇರೆ ಆಕಾರದ ಹೋಲ್ಡರ್‌ಗಳ ಸೆಟ್ಟಿಗಿಂತ ಒಂದೇ ಇನ್ಸರ್ಟ್ ಹಂಚಿಕೊಳ್ಳುವ ಎರಡು ಹೋಲ್ಡರ್ ಲೇಸು. ಅಂಗಡಿಗೆ ಹೊರಡುವ ಮುನ್ನ ನಿಮ್ಮ ಲೇತ್‌ನ ಮೂರು ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ: ಮೋಟರಿನ ವಾಟ್, ಗರಿಷ್ಠ ಆರ್‌ಪಿಎಂ, ಟೂಲ್ ಪೋಸ್ಟಿನ ತಳದಿಂದ ಸೆಂಟರಿಗಿರುವ ಎತ್ತರ. ಆಯ್ಕೆಯ ಮುಕ್ಕಾಲು ಪಾಲು ಆ ಚೀಟಿಯಲ್ಲೇ ಮುಗಿಯುತ್ತದೆ.